ಕಡಿಮೆ ಖರ್ಚಿನಲ್ಲಿ ಮೊದಲ ವೆಬ್‌ಸೈಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಅಂಗಡಿ, ಹೋಂಸ್ಟೇ, ಸಂಗೀತ ಶಾಲೆ, ಊರಿನ ಗ್ರಂಥಾಲಯ ಅಥವಾ ಹವ್ಯಾಸಿ ನಾಟಕ ತಂಡವನ್ನು ನಡೆಸುತ್ತಿದ್ದು, ಮೊದಲ ಬಾರಿಗೆ ವೆಬ್‌ಸೈಟ್ ಮಾಡಿಕೊಳ್ಳಬೇಕೆಂದಿರುವ, ಆದರೆ ಅದಕ್ಕೆ ಹೆಚ್ಚು ಹಣ ಹಾಕಲಾಗದ ಕನ್ನಡಿಗರಿಗಾಗಿ ಈ ಪ್ರಶ್ನೋತ್ತರವನ್ನು ಬರೆದಿದ್ದೇನೆ. ಇಲ್ಲಿರುವ ಪ್ರಶ್ನೆಗಳೆಲ್ಲ ಇಂಥವರು ನನ್ನನ್ನು ಮತ್ತೆ ಮತ್ತೆ ಕೇಳಿರುವಂಥವು. ವಿವರಣೆ ಬರಿಯ ಮಾತಾಗಿ ಉಳಿಯಬಾರದೆಂದು ಉದ್ದಕ್ಕೂ ಒಂದೇ ಉದಾಹರಣೆಯನ್ನು ಇಟ್ಟುಕೊಂಡಿದ್ದೇನೆ: ತಿಪಟೂರು ಸೀಮೆಯ ಕೊಬ್ಬರಿ ತರಿಸಿ, ಮರದ ಗಾಣದಲ್ಲಿ ಎಣ್ಣೆ ತೆಗೆದು ಮಾರುವ ಒಂದು ಅಂಗಡಿ. ನಿಮ್ಮ ಕಸುಬು ಬೇರೆಯಾಗಿದ್ದರೂ ಲೆಕ್ಕಾಚಾರ ಬಹುತೇಕ ಇದೇ ಆಗಿರುತ್ತದೆ.

ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಇರುವಾಗ ವೆಬ್‌ಸೈಟ್ ಯಾಕೆ ಬೇಕು?

ಎಲ್ಲರಿಗೂ ಬೇಕೆಂದು ನಾನು ಹೇಳುವುದಿಲ್ಲ. ನಿಮ್ಮ ಗಿರಾಕಿಗಳೆಲ್ಲ ಅದೇ ಬೀದಿಯವರಾಗಿದ್ದರೆ ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯನ್ನು ಉಚಿತವಾಗಿ ನೋಂದಾಯಿಸಿ, ತೆರೆಯುವ ಸಮಯ ಮತ್ತು ಫೋನ್ ಸಂಖ್ಯೆ ಹಾಕಿದರೆ ಸಾಕಾಗಬಹುದು. ದೂರದ ಊರಿನವರು ನಿಮ್ಮನ್ನು ಹುಡುಕಿಕೊಂಡು ಬರಬೇಕಾದಾಗ, ಅಥವಾ ಹೇಳಬೇಕಾದ ವಿಷಯ ಒಂದು ಪೋಸ್ಟ್‌ನಲ್ಲಿ ಹಿಡಿಯದಷ್ಟಿರುವಾಗ ವೆಬ್‌ಸೈಟ್ ಅಗತ್ಯವಾಗುತ್ತದೆ. ಸಾಮಾಜಿಕ ಜಾಲತಾಣದಲ್ಲಿ ನಿನ್ನೆ ಹಾಕಿದ ಬೆಲೆಪಟ್ಟಿ ಇಂದು ಹತ್ತು ಪೋಸ್ಟ್‌ಗಳ ಕೆಳಗೆ ಹೂತುಹೋಗಿರುತ್ತದೆ. ಖಾತೆಯನ್ನು ಆ ಕಂಪನಿ ಯಾವ ದಿನ ಮುಚ್ಚಿದರೂ ನಿಮ್ಮ ಬಳಿ ಏನೂ ಉಳಿಯುವುದಿಲ್ಲ. ವೆಬ್‌ಸೈಟ್‌ನಲ್ಲಿ ವಿಳಾಸವೂ ಬರಹವೂ ನಿಮ್ಮವೇ ಆಗಿರುವುದರಿಂದ, ಅದನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಡಬಹುದು.

ಒಟ್ಟು ಎಷ್ಟು ಖರ್ಚಾಗುತ್ತದೆ?

ನೀವೇ ಮಾಡಿಕೊಂಡರೆ, ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಈ ಹಣವೆಲ್ಲ ಡೊಮೇನ್‌ಗೆ, ಎಂದರೆ ನಿಮ್ಮ ವೆಬ್‌ಸೈಟಿನ ವಿಳಾಸಕ್ಕೆ ಹೋಗುತ್ತದೆ. ಡಾಟ್ ಇನ್ ವಿಳಾಸಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 500ರಿಂದ 1,000 ರೂಪಾಯಿ, ಡಾಟ್ ಕಾಮ್‌ಗೆ ಅದಕ್ಕಿಂತ ತುಸು ಹೆಚ್ಚು ಆಗುತ್ತದೆ. ಇದರ ಮೇಲೆ ಶೇ 18ರ ಜಿಎಸ್‌ಟಿ ಸೇರುತ್ತದೆ. ಪುಟಗಳನ್ನು ಇಡುವ ಜಾಗಕ್ಕೆ, ಎಂದರೆ ಹೋಸ್ಟಿಂಗ್‌ಗೆ, ಸರಳವಾದ ಸೈಟ್‌ಗಳ ಮಟ್ಟಿಗೆ ಹಣ ಕೊಡಬೇಕಾಗಿಲ್ಲ.

ಜಾಹೀರಾತಿನಲ್ಲಿ ಕಾಣುವ ‘ಮೊದಲ ವರ್ಷ 99 ರೂಪಾಯಿ’ ಎಂಬ ಬೆಲೆಯನ್ನು ನೋಡಿ ತೀರ್ಮಾನ ಮಾಡಬೇಡಿ. ಎರಡನೇ ವರ್ಷದ ನವೀಕರಣ ದರವೇ ನಿಜವಾದ ಬೆಲೆ, ಮತ್ತು ಅದು ಬಹಳಷ್ಟು ಸಲ ಸಣ್ಣ ಅಕ್ಷರದಲ್ಲಿ ಪುಟದ ಕೆಳಗಿರುತ್ತದೆ. ಡೊಮೇನ್ ಕೊಳ್ಳುವಾಗ ಇಮೇಲ್ ಸೇವೆ, ವೆಬ್‌ಸೈಟ್ ಬಿಲ್ಡರ್, ‘ಸುರಕ್ಷತಾ ಪ್ಯಾಕ್’ ಎಂದೆಲ್ಲ ಬುಟ್ಟಿಗೆ ತಾನಾಗಿಯೇ ಸೇರಿಕೊಂಡಿರುವುದೂ ಉಂಟು. ಹಣ ಕಟ್ಟುವ ಮುನ್ನ ಒಂದೊಂದನ್ನೇ ಓದಿ, ಬೇಡದ್ದನ್ನು ತೆಗೆದುಹಾಕಿ.

ವಿಳಾಸಕ್ಕೆ ಎಂಥ ಹೆಸರು ಒಳ್ಳೆಯದು? ಕನ್ನಡದಲ್ಲೇ ವಿಳಾಸ ಸಿಗುತ್ತದೆಯೇ?

ಫೋನಿನಲ್ಲಿ ಒಮ್ಮೆ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಟೈಪ್ ಮಾಡುವಂಥ ಹೆಸರು ಒಳ್ಳೆಯದು. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಇದು ತೋರುವಷ್ಟು ಸುಲಭವಲ್ಲ. ‘ಗಾಣ’ ಎಂಬುದನ್ನು ಒಬ್ಬರು ಒಂದು ‘ಎ’ ಹಾಕಿ ಬರೆದರೆ ಇನ್ನೊಬ್ಬರು ಎರಡು ಹಾಕುತ್ತಾರೆ; ‘ಎಣ್ಣೆ’ಯನ್ನು ‘ವೈ’ಯಿಂದ ಆರಂಭಿಸುವವರೂ ಇದ್ದಾರೆ. ಮನೆಯ ನಾಲ್ಕು ಜನರಿಗೆ ಹೆಸರನ್ನು ಬಾಯಲ್ಲಿ ಹೇಳಿ, ಅವರಿಂದ ಬರೆಸಿ ನೋಡಿ. ನಾಲ್ವರೂ ಒಂದೇ ರೀತಿ ಬರೆದರೆ ಆ ಹೆಸರನ್ನು ಕೊಳ್ಳಬಹುದು.

ಕನ್ನಡ ಲಿಪಿಯಲ್ಲೂ ವಿಳಾಸ ಸಿಗುತ್ತದೆ. ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯೇ ಭಾರತೀಯ ಭಾಷೆಗಳ ಡೊಮೇನ್‌ಗಳನ್ನೂ ನಿರ್ವಹಿಸುತ್ತದೆ, ಮತ್ತು ಕನ್ನಡದಲ್ಲಿ ಬರೆದ ‘.ಭಾರತ’ ಅವುಗಳಲ್ಲೊಂದು. ನನಗೆ ಇದು ಬಹಳ ಇಷ್ಟದ ವಿಷಯ. ಆದರೂ ಅದೊಂದನ್ನೇ ನೆಚ್ಚಿಕೊಳ್ಳಬೇಡಿ ಎಂದೇ ಹೇಳುತ್ತೇನೆ, ಏಕೆಂದರೆ ಕೆಲವು ಆ್ಯಪ್‌ಗಳಲ್ಲಿ ಆ ಕೊಂಡಿಯನ್ನು ಅಂಟಿಸಿದ ಕೂಡಲೇ ಅದು ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಬದಲಾಗುತ್ತದೆ, ಕೆಲವು ಆನ್‌ಲೈನ್ ಅರ್ಜಿಗಳು ಅದನ್ನು ವಿಳಾಸವೆಂದೇ ಒಪ್ಪುವುದಿಲ್ಲ. ಡಾಟ್ ಇನ್ ವಿಳಾಸವನ್ನು ಮುಖ್ಯವಾಗಿ ಇಟ್ಟುಕೊಂಡು, ಅನುಕೂಲವಿದ್ದರೆ ಕನ್ನಡದ ವಿಳಾಸವನ್ನೂ ಕೊಂಡು ಅದೇ ಸೈಟ್‌ಗೆ ತಿರುಗಿಸಬಹುದು.

ಡೊಮೇನ್ ಯಾರ ಹೆಸರಿನಲ್ಲಿರಬೇಕು?

ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್ ಮತ್ತು ನಿಮ್ಮ ಫೋನ್ ಸಂಖ್ಯೆಯ ಜೊತೆ. ಈ ಪುಟದಲ್ಲಿ ಒಂದೇ ಒಂದು ಉತ್ತರವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ನೆನಪಿಟ್ಟುಕೊಳ್ಳಿ.

ಹೊಲವನ್ನು ಯಾರೇ ಉಳಲಿ, ಪಹಣಿಯಲ್ಲಿ ಯಾರ ಹೆಸರಿದೆ ಎಂಬುದನ್ನು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ವಿಚಾರಿಸುತ್ತಾರೆ. ಡೊಮೇನ್ ವಿಷಯದಲ್ಲಿ ಮಾತ್ರ ಅದೇ ಜನ ಆ ಮಾತನ್ನು ಕೇಳದೆ ಹಣ ಕೊಟ್ಟುಬಿಡುತ್ತಾರೆ. ನನ್ನ ಪರಿಚಯದವರೊಬ್ಬರು ತಮ್ಮ ಅಂಗಡಿಯ ಸೈಟನ್ನು ಒಬ್ಬರಿಂದ ಮಾಡಿಸಿ, ಐದು ವರ್ಷ ಅದೇ ವಿಳಾಸವನ್ನು ಚೀಲ, ಡಬ್ಬಿ, ಬೋರ್ಡ್ ಎಲ್ಲದರ ಮೇಲೂ ಅಚ್ಚು ಹಾಕಿಸಿದ್ದರು. ಆರನೇ ವರ್ಷ ಸೈಟ್ ತೆರೆಯದಾದಾಗ ವಿಚಾರಿಸಿದರೆ, ಮಾಡಿಕೊಟ್ಟವರು ವೃತ್ತಿ ಬದಲಿಸಿ ಬೇರೆ ಊರಿಗೆ ಹೋಗಿದ್ದರು. ಡೊಮೇನ್ ಅವರದೇ ಹಳೆಯ ಇಮೇಲ್‌ನಲ್ಲಿತ್ತು, ನವೀಕರಣದ ಸೂಚನೆಗಳೆಲ್ಲ ಅಲ್ಲಿಗೇ ಹೋಗಿದ್ದವು. ಅವರು ಮೋಸ ಮಾಡಿದವರಲ್ಲ, ಮರೆತವರು. ಆದರೆ ಆ ವಿಳಾಸ ಮತ್ತೆ ಇವರ ಕೈಗೆ ಬರಲಿಲ್ಲ. ಅಂಗಡಿಯ ಮಾಳಿಗೆಯಲ್ಲಿ ಉಳಿದಿದ್ದ ಹಳೆಯ ವಿಳಾಸದ ಚೀಲಗಳ ಕಟ್ಟುಗಳನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಆದ್ದರಿಂದ ಬೇರೆಯವರ ಸಹಾಯ ಪಡೆದರೂ, ಡೊಮೇನ್ ಮಾರುವ ರಿಜಿಸ್ಟ್ರಾರ್ ಕಂಪನಿಯಲ್ಲಿ ಖಾತೆಯನ್ನು ನೀವೇ ತೆರೆಯಿರಿ. ಗುರುತಿನ ದಾಖಲೆ ಕೇಳಿದರೆ ನಿಮ್ಮದನ್ನೇ ಕೊಡಿ. ಕೊಂಡ ಬಳಿಕ ಇಮೇಲ್ ದೃಢೀಕರಣದ ಸಂದೇಶವೊಂದು ಬರುತ್ತದೆ. ಡಾಟ್ ಕಾಮ್‌ನಂಥ ಹೆಸರುಗಳಿಗೆ 15 ದಿನಗಳೊಳಗೆ ಅದನ್ನು ಒತ್ತಿ ಖಚಿತಪಡಿಸದಿದ್ದರೆ ವಿಳಾಸವೇ ತಾತ್ಕಾಲಿಕವಾಗಿ ನಿಂತುಹೋಗುತ್ತದೆ. ಖಾತೆಯ ಪಾಸ್‌ವರ್ಡನ್ನು ಬರೆದು, ಅಂಗಡಿಯ ಲೈಸೆನ್ಸ್ ಮತ್ತು ಬಾಡಿಗೆ ಪತ್ರ ಇಡುವ ಕಡತದಲ್ಲೇ ಇಡಿ.

ಹೋಸ್ಟಿಂಗ್ ನಿಜವಾಗಿಯೂ ಉಚಿತವಾಗಿ ಸಿಗುತ್ತದೆಯೇ? ಎಲ್ಲಿ ಮೋಸವಿದೆ?

ಸಿಗುತ್ತದೆ, ಮತ್ತು ಮೋಸವಿಲ್ಲ. ಬದಲಾಗದ ಸಿದ್ಧ ಪುಟಗಳನ್ನು ತೆಗೆದುಕೊಡುವುದು ಸರ್ವರ್‌ಗೆ, ಎಂದರೆ ಪುಟಗಳನ್ನು ಇಟ್ಟುಕೊಂಡಿರುವ ಕಂಪ್ಯೂಟರಿಗೆ, ತೀರಾ ಹಗುರವಾದ ಕೆಲಸ. ಅದಕ್ಕಾಗಿ ಕ್ಲೌಡ್‌ಫ್ಲೇರ್ ಪೇಜಸ್, ನೆಟ್ಲಿಫೈ, ಗಿಟ್‌ಹಬ್ ಪೇಜಸ್‌ನಂಥ ಸೇವೆಗಳು ಸಣ್ಣ ಬಳಕೆದಾರರಿಂದ ಹಣ ಕೇಳುವುದಿಲ್ಲ. ದೊಡ್ಡ ಗ್ರಾಹಕರಿಂದ ಅವರಿಗೆ ವರಮಾನ ಬರುತ್ತದೆ. ನಿಮ್ಮ ಸ್ವಂತ ಡೊಮೇನನ್ನೂ ಇವಕ್ಕೆ ಉಚಿತವಾಗಿ ಜೋಡಿಸಬಹುದು.

ಆಯ್ಕೆಯಲ್ಲಿ ಒಂದು ಎಚ್ಚರಿಕೆ ಇರಲಿ. ಗಿಟ್‌ಹಬ್ ಪೇಜಸ್ ಬರಹಗಾರರಿಗೆ, ಗ್ರಂಥಾಲಯಕ್ಕೆ, ನಾಟಕ ತಂಡಕ್ಕೆ ಚೆನ್ನಾಗಿದೆ. ಒಂದು ಸೈಟ್‌ಗೆ 1 ಜಿಬಿ ಜಾಗದ ಮಿತಿಯಿದೆ, ಅದು ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು. ಆದರೆ ಆನ್‌ಲೈನ್ ವ್ಯಾಪಾರ ನಡೆಸಲು ಅದನ್ನು ಬಳಸಬಾರದೆಂದು ಅದರ ನಿಯಮಗಳೇ ಹೇಳುತ್ತವೆ. ಎಣ್ಣೆ ಅಂಗಡಿಗೆ ನಾನು ಕ್ಲೌಡ್‌ಫ್ಲೇರ್ ಪೇಜಸ್ ಅಥವಾ ನೆಟ್ಲಿಫೈಯನ್ನು ಸೂಚಿಸುತ್ತೇನೆ. ಎರಡರಲ್ಲೂ ನಿಮ್ಮ ಕಂಪ್ಯೂಟರಿನಲ್ಲಿರುವ, ಪುಟಗಳನ್ನು ಇಟ್ಟ ಫೋಲ್ಡರನ್ನು ಹಾಗೆಯೇ ಎಳೆದು ಬ್ರೌಸರ್ ಕಿಟಕಿಗೆ ಬಿಟ್ಟರೆ ಒಂದೆರಡು ನಿಮಿಷದಲ್ಲಿ ಸೈಟ್ ಜೀವಂತವಾಗುತ್ತದೆ.

ವರ್ಡ್‌ಪ್ರೆಸ್ ಬೇಡವೇ? ಎಲ್ಲರೂ ಅದನ್ನೇ ಹೇಳುತ್ತಾರಲ್ಲ?

ವರ್ಡ್‌ಪ್ರೆಸ್ ವೆಬ್‌ಸೈಟ್ ಕಟ್ಟಿ ನಿರ್ವಹಿಸಲು ಬಳಸುವ ಒಳ್ಳೆಯ ತಂತ್ರಾಂಶ. 2003ರಲ್ಲಿ ಆರಂಭವಾದ ಅದರ ಮೇಲೆ ಇಂದು ಜಗತ್ತಿನ ಶೇ 40ಕ್ಕೂ ಹೆಚ್ಚು ವೆಬ್‌ಸೈಟ್‌ಗಳು ನಡೆಯುತ್ತಿವೆ. ವಾರಕ್ಕೆರಡು ಲೇಖನ ಪ್ರಕಟಿಸುವ, ನಾಲ್ಕೈದು ಜನ ಸೇರಿ ಬರೆಯುವ ಸೈಟ್‌ಗೆ ಅದು ಸರಿಯಾದ ಆಯ್ಕೆ. ಆದರೆ ವಿಳಾಸ, ಬೆಲೆ, ಫೋನ್ ಸಂಖ್ಯೆ ಮತ್ತು ನಾಲ್ಕು ಚಿತ್ರಗಳ ಸೈಟ್‌ಗೆ ಅದನ್ನು ಹಾಕಿಕೊಂಡರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಅದಕ್ಕೆ ಡೇಟಾಬೇಸ್ ಇರುವ, ಹಣ ಕೊಟ್ಟು ಪಡೆಯುವ ಹೋಸ್ಟಿಂಗ್ ಬೇಕು. ತಂತ್ರಾಂಶವನ್ನೂ ಹೆಚ್ಚುವರಿ ಸೌಲಭ್ಯಕ್ಕಾಗಿ ಅದಕ್ಕೆ ಸೇರಿಸಿದ ಪ್ಲಗಿನ್‌ಗಳನ್ನೂ ಆಗಾಗ ಅಪ್‌ಡೇಟ್ ಮಾಡುತ್ತಿರಬೇಕು. ಹಾಗೆ ಮಾಡದೆ ಬಿಟ್ಟ ಹಳೆಯ ಪ್ಲಗಿನ್‌ಗಳ ಮೂಲಕವೇ ಹೆಚ್ಚಿನ ಸೈಟ್‌ಗಳಿಗೆ ಕನ್ನ ಬೀಳುತ್ತದೆ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವ ಉಚಿತ ತಂತ್ರಾಂಶವೇ ಬೇರೆ, ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬ ಹೋಸ್ಟಿಂಗ್ ಸೇವೆಯೇ ಬೇರೆ ಎಂಬುದೂ ತಿಳಿದಿರಲಿ.

ಕೋಡ್ ಮುಟ್ಟಲು ಮನಸ್ಸೇ ಇಲ್ಲದವರಿಗೆ ಗೂಗಲ್ ಸೈಟ್ಸ್ ಉಚಿತವಾಗಿದೆ. ಕತೆ, ಕವಿತೆ, ಪ್ರವಾಸ ಬರೆಯುವವರಿಗೆ 1999ರಿಂದ ಇರುವ ಬ್ಲಾಗರ್ ಎಂಬ ಸೇವೆ ಇಂದಿಗೂ ಸಾಕಾಗುತ್ತದೆ.

ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ನಾನೇ ಪುಟ ಬರೆಯಲು ಸಾಧ್ಯವೇ?

ಸಾಧ್ಯ. ಪುಟ ಬರೆಯಲು ಬಳಸುವ ಎಚ್‌ಟಿಎಂಎಲ್ ಪ್ರೋಗ್ರಾಮಿಂಗ್ ಭಾಷೆಯಲ್ಲ. ಬರಹದಲ್ಲಿ ಯಾವುದು ಶೀರ್ಷಿಕೆ, ಯಾವುದು ಪ್ಯಾರಾ, ಯಾವುದು ಕೊಂಡಿ ಎಂದು ಗುರುತು ಹಾಕುವ ಪದ್ಧತಿ, ಅಷ್ಟೆ. ಕೋನಾಕಾರದ ಆವರಣ ಚಿಹ್ನೆಗಳ ಒಳಗೆ ಬರೆಯುವ ಈ ಗುರುತನ್ನು ಟ್ಯಾಗ್ ಎನ್ನುತ್ತಾರೆ. ಬಹುತೇಕ ಟ್ಯಾಗ್‌ಗಳು ಜೋಡಿಯಾಗಿ ಬರುತ್ತವೆ: ಒಂದು ತೆರೆಯುತ್ತದೆ, ಓರೆಗೆರೆ ಇರುವ ಇನ್ನೊಂದು ಮುಚ್ಚುತ್ತದೆ. ಎಣ್ಣೆ ಅಂಗಡಿಯ ಪುಟಕ್ಕೆ ಶೀರ್ಷಿಕೆ, ಪ್ಯಾರಾ, ಚಿತ್ರ, ಕೊಂಡಿ, ಪಟ್ಟಿ ಮತ್ತು ಬೆಲೆಯ ಕೋಷ್ಟಕ ಇವುಗಳ ಹತ್ತು ಹನ್ನೆರಡು ಟ್ಯಾಗ್‌ಗಳು ಸಾಕು. ಒಂದು ಭಾನುವಾರ ಕುಳಿತರೆ ಇದು ಕೈಗೆ ಹತ್ತುತ್ತದೆ.

ವಿಂಡೋಸ್‌ನ ನೋಟ್‌ಪ್ಯಾಡ್ ತೆರೆದು ಬರೆಯಿರಿ. ಉಳಿಸುವಾಗ ಕಡತಕ್ಕೆ ‘ಇಂಡೆಕ್ಸ್’ ಎಂಬ ಹೆಸರನ್ನು ಇಂಗ್ಲಿಷ್‌ನ ಸಣ್ಣಕ್ಷರಗಳಲ್ಲಿ ಕೊಟ್ಟು, ಕೊನೆಗೆ ಚುಕ್ಕಿ ಮತ್ತು ಎಚ್‌ಟಿಎಂಎಲ್ ಎಂದು ಸೇರಿಸಬೇಕು. ಕಡತದ ಬಗೆ ಎಂಬಲ್ಲಿ ‘ಎಲ್ಲ ಕಡತಗಳು’ ಎಂದು ಆರಿಸದಿದ್ದರೆ ನೋಟ್‌ಪ್ಯಾಡ್ ಹೆಸರಿನ ಬಾಲಕ್ಕೆ ಸದ್ದಿಲ್ಲದೆ ಟಿಎಕ್ಸ್‌ಟಿ ಎಂದು ಅಂಟಿಸುತ್ತದೆ. ಮೊದಲ ದಿನ ಪುಟ ತೆರೆಯದೆ ಕಂಗಾಲಾದವರಲ್ಲಿ ಅರ್ಧ ಜನರ ತೊಂದರೆ ಇದೇ ಆಗಿರುತ್ತದೆ. ಎನ್‌ಕೋಡಿಂಗ್, ಎಂದರೆ ಅಕ್ಷರಗಳನ್ನು ಉಳಿಸುವ ಬಗೆ, ಯುಟಿಎಫ್-8 ಇರಬೇಕು. ಈಚಿನ ವಿಂಡೋಸ್‌ಗಳಲ್ಲಿ ಅದು ತಾನಾಗಿಯೇ ಹಾಗಿರುತ್ತದೆ. ಪುಟದ ತಲೆಭಾಗದಲ್ಲೂ ‘ಚಾರ್‌ಸೆಟ್ ಯುಟಿಎಫ್-8’ ಎಂಬ ಮೆಟಾ ಟ್ಯಾಗ್ ಇರಲೇಬೇಕು, ಇಲ್ಲವಾದರೆ ಕನ್ನಡ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣಬಹುದು. ಉಳಿಸಿದ ಕಡತದ ಮೇಲೆ ಎರಡು ಸಲ ಒತ್ತಿದರೆ ಅದು ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ. ಇಷ್ಟಕ್ಕೆ ಇಂಟರ್ನೆಟ್ ಸಂಪರ್ಕವೂ ಬೇಕಿಲ್ಲ.

ಹೀಗೆ ಬರೆದ ಪುಟ ಬಾಳಿಕೆ ಬರುತ್ತದೆ ಎಂಬುದಕ್ಕೆ ಒಂದು ಸಾಕ್ಷಿಯಿದೆ. ಟಿಮ್ ಬರ್ನರ್ಸ್-ಲೀ ಅವರು ಸ್ವಿಟ್ಜರ್ಲೆಂಡ್‌ನ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಮಾಡಿ, 1991ರ ಆಗಸ್ಟ್‌ನಲ್ಲಿ ಜಗತ್ತಿಗೆ ತಿಳಿಸಿದ ಮೊದಲ ವೆಬ್‌ಸೈಟ್‌ನಲ್ಲಿದ್ದದ್ದು ಬರಿಯ ಪಠ್ಯ ಮತ್ತು ಕೊಂಡಿಗಳು. ಅದರ ಹಳೆಯ ಪ್ರತಿ ಇಂದಿನ ಮೊಬೈಲ್‌ನಲ್ಲೂ ಯಾವ ತಕರಾರಿಲ್ಲದೆ ತೆರೆಯುತ್ತದೆ.

ನುಡಿಯಲ್ಲಿ ಟೈಪ್ ಮಾಡಿದ ಬರಹವನ್ನು ಅಂಟಿಸಿದರೆ ಕನ್ನಡ ಕಾಣುವುದಿಲ್ಲ. ಏಕೆ?

ಬೇರೆ ಭಾಷೆಯ ಕೈಪಿಡಿಗಳಲ್ಲಿ ಸಿಗದ, ನಮ್ಮವರಿಗೆ ಮಾತ್ರ ಎದುರಾಗುವ ಪ್ರಶ್ನೆ ಇದು. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನುಡಿ ಮತ್ತು ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಪ್ರತ್ಯೇಕ ಸ್ಥಾನ ಇನ್ನೂ ಬಳಕೆಗೆ ಬರದಿದ್ದ ಕಾಲದವು. ಅವು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ತೋರಿಸುತ್ತವೆ. ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿರುವುದು ಇಂಗ್ಲಿಷ್ ಅಕ್ಷರವೇ. ಕನ್ನಡವಾಗಿ ಕಾಣುವುದು ಆ ಫಾಂಟ್ ಇರುವ ಯಂತ್ರದಲ್ಲಿ ಮಾತ್ರ. ಅದೇ ಬರಹವನ್ನು ವೆಬ್ ಪುಟಕ್ಕೆ ಅಂಟಿಸಿದರೆ ಒಳಗಿರುವ ಇಂಗ್ಲಿಷ್ ಗೊಂಚಲು ಹೊರಗೆ ಬರುತ್ತದೆ. ಯುನಿಕೋಡ್‌ನಲ್ಲಾದರೆ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ, ಹಾಗಾಗಿ ಯಾವ ಊರಿನ ಯಾವ ಯಂತ್ರದಲ್ಲಿ ತೆರೆದರೂ ‘ಕ’ ‘ಕ’ವೇ ಆಗಿರುತ್ತದೆ.

ಹಳೆಯ ಕಡತಗಳನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಬದಲಿಸಿದ ಮೇಲೆ ಒಮ್ಮೆ ಕಣ್ಣಿಟ್ಟು ಓದಲೇಬೇಕು. ಅರ್ಕಾವತ್ತು, ದೀರ್ಘ ಮತ್ತು ಅಂಕಿಗಳ ಜಾಗದಲ್ಲಿ ಅಲ್ಲಲ್ಲಿ ತಪ್ಪು ಉಳಿದಿರುತ್ತದೆ. ಈ ಶ್ರಮ ತಪ್ಪಿಸಲು ಕೆಲವರು ಬರಹವನ್ನೇ ಚಿತ್ರವಾಗಿ ಉಳಿಸಿ ಸೈಟ್‌ಗೆ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಚಿತ್ರದೊಳಗಿನ ಅಕ್ಷರಗಳು ಹುಡುಕಾಟದಲ್ಲಿ ಸಿಗುವುದು ಕಷ್ಟ, ಗಿರಾಕಿ ವಿಳಾಸವನ್ನು ನಕಲು ಮಾಡಿಕೊಳ್ಳಲಾಗದು, ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳಲಾರದು.

ಇನ್ನೊಂದು ಸಣ್ಣ ಸಂಗತಿ. ‘ವೆಬ್‌ಸೈಟ್’ ಎಂಬ ಪದವನ್ನೇ ಯುನಿಕೋಡ್‌ನಲ್ಲಿ ಎಚ್ಚರವಿಲ್ಲದೆ ಟೈಪ್ ಮಾಡಿದರೆ ಅದು ‘ವೆಬ್ಸೈಟ್’ ಆಗುತ್ತದೆ. ಬಕಾರದ ಅರ್ಧಾಕ್ಷರವನ್ನು ಮುಂದಿನ ಅಕ್ಷರಕ್ಕೆ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಚಿಹ್ನೆ ಅಲ್ಲಿ ಬೇಕು. ಬಹುತೇಕ ಕನ್ನಡ ಕೀಲಿಮಣೆಗಳಲ್ಲಿ ಅದಕ್ಕೊಂದು ಕೀಲಿ ಇರುತ್ತದೆ. ನಿಮ್ಮದರಲ್ಲಿ ಯಾವುದೆಂದು ಹುಡುಕಿಟ್ಟುಕೊಳ್ಳಿ.

ಕನ್ನಡ ಅಕ್ಷರಗಳು ಒತ್ತೊತ್ತಾಗಿ ಕಾಣುತ್ತವೆ. ಏನು ಮಾಡಬೇಕು?

ಸಿದ್ಧ ವಿನ್ಯಾಸಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರದ ಅಳತೆಗೆ ಹೊಲಿದ ಅಂಗಿಗಳು. ‘ರಾಷ್ಟ್ರ’ ಎಂದು ಬರೆದು ನೋಡಿ: ಷಕಾರದ ಕೆಳಗೆ ಟಕಾರದ ಒತ್ತು, ಅದರ ಪಕ್ಕದಲ್ಲೇ ರಕಾರದ ಒತ್ತು ಇಳಿಯುತ್ತದೆ. ಸಾಲುಗಳ ನಡುವಿನ ಅಂತರ ಕಡಿಮೆಯಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಗುಂಡಿಗಳ ಮೇಲಿನ ಬರಹದಲ್ಲಂತೂ ಒತ್ತಕ್ಷರ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ವಿನ್ಯಾಸವನ್ನು ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಸಾಲಿನ ಎತ್ತರವನ್ನು 1.7ರಷ್ಟು, ಅಕ್ಷರದ ಗಾತ್ರವನ್ನು 18 ಪಿಕ್ಸೆಲ್‌ನಷ್ಟು ಇಟ್ಟರೆ ಪುಟ ಉಸಿರಾಡುತ್ತದೆ. ಅಕ್ಷರಗಳ ನಡುವೆ ಹೆಚ್ಚುವರಿ ಅಂತರ ಕೊಡಬೇಡಿ, ಒತ್ತು ಒಂದು ಕಡೆ ಅಕ್ಷರ ಒಂದು ಕಡೆ ಆಗುವ ಅಪಾಯವಿದೆ. ಕನ್ನಡದ ಪದಗಳು ಉದ್ದವಾದ್ದರಿಂದ ಎರಡೂ ಅಂಚುಗಳನ್ನು ಸಮ ಮಾಡಲು ಹೋದರೆ ಮೊಬೈಲ್‌ನ ಕಿರಿದಾದ ಸಾಲಿನಲ್ಲಿ ದೊಡ್ಡ ದೊಡ್ಡ ಖಾಲಿ ಜಾಗ ಉಳಿಯುತ್ತದೆ. ಎಡಕ್ಕೆ ಜೋಡಿಸಿ ಬಿಡುವುದೇ ಚಂದ. ವಾಲಿದ ಅಕ್ಷರವೂ ಕನ್ನಡಕ್ಕೆ ಒಗ್ಗುವುದಿಲ್ಲ.

ಬೇರೆ ಫಾಂಟ್ ಹಾಕುವುದು ಕಡ್ಡಾಯವಲ್ಲ. ಆಂಡ್ರಾಯ್ಡ್ ಫೋನ್‌ಗಳಲ್ಲೂ ವಿಂಡೋಸ್‌ನಲ್ಲೂ ಕನ್ನಡ ಫಾಂಟ್ ಈಗಾಗಲೇ ಇರುತ್ತದೆ. ಶೀರ್ಷಿಕೆಗೆ ವಿಶೇಷ ರೂಪ ಬೇಕೆನಿಸಿದರೆ ಬಾಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ನೋಟೋ ಸಾನ್ಸ್ ಕನ್ನಡ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿವೆ. ಒಂದನ್ನು ಆರಿಸಿ, ಅಲ್ಲಿಗೆ ನಿಲ್ಲಿಸಿ. ಪುಟದ ಮೊದಲ ಟ್ಯಾಗ್‌ನಲ್ಲಿ ಭಾಷೆ ಕನ್ನಡವೆಂದು ‘ಕೆಎನ್’ ಎಂಬ ಸಂಕೇತದ ಮೂಲಕ ತಿಳಿಸುವುದನ್ನು ಮರೆಯಬೇಡಿ. ಅಂಧರು ಬಳಸುವ ಸ್ಕ್ರೀನ್ ರೀಡರ್ ತಂತ್ರಾಂಶಗಳು ಆ ಸಂಕೇತವನ್ನು ನೋಡಿ ಕನ್ನಡದ ಧ್ವನಿಯನ್ನು ಆರಿಸಿಕೊಳ್ಳಬಲ್ಲವು.

ಸೈಟ್ ಕನ್ನಡದಲ್ಲಿರಬೇಕೇ, ಇಂಗ್ಲಿಷ್‌ನಲ್ಲಿರಬೇಕೇ?

ಮೊದಲು ಕನ್ನಡದಲ್ಲಿ ಬರೆಯಿರಿ, ಏಕೆಂದರೆ ನಿಮ್ಮ ಕಸುಬಿನ ಬಗ್ಗೆ ನಿಮಗೆ ಚೆನ್ನಾಗಿ ಹೇಳಲು ಬರುವುದು ಆ ಭಾಷೆಯಲ್ಲೇ. ಬೆಂಗಳೂರಿನ ಕನ್ನಡೇತರ ಗಿರಾಕಿಗಳೂ ಬೇಕಿದ್ದರೆ ಇಂಗ್ಲಿಷ್‌ಗೆ ಪ್ರತ್ಯೇಕ ಪುಟ ಮಾಡಿ ಎರಡಕ್ಕೂ ಪರಸ್ಪರ ಕೊಂಡಿ ಕೊಡಿ. ಒಂದೇ ಪುಟದಲ್ಲಿ ಒಂದು ಸಾಲು ಕನ್ನಡ, ಒಂದು ಸಾಲು ಇಂಗ್ಲಿಷ್ ಎಂದು ಬೆರೆಸಿದರೆ ಇಬ್ಬರಿಗೂ ಓದು ತೊಡಕಾಗುತ್ತದೆ.

ಚಿತ್ರಗಳನ್ನು ಫೋನಿನಿಂದ ನೇರವಾಗಿ ಹಾಕಬಹುದೇ?

ಗಾತ್ರ ಇಳಿಸದೆ ಹಾಕಬೇಡಿ. ಯುಟಿಎಫ್-8ರಲ್ಲಿ ಕನ್ನಡದ ಒಂದು ಅಕ್ಷರಚಿಹ್ನೆಗೆ 3 ಬೈಟ್ ಬೇಕು. ಆ ಲೆಕ್ಕದಲ್ಲಿ ಸಾವಿರ ಪದಗಳ ಬರಹ ಸುಮಾರು 25 ಕಿಲೋಬೈಟ್ ಆಗುತ್ತದೆ. ಈಗಿನ ಫೋನಿನಲ್ಲಿ ತೆಗೆದ ಒಂದೇ ಫೋಟೊ 4 ಮೆಗಾಬೈಟ್ ಇರಬಹುದು, ಎಂದರೆ ಅಂಥ 150ಕ್ಕೂ ಹೆಚ್ಚು ಬರಹಗಳ ಭಾರ. ಅಗಲವನ್ನು 1,200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಅಥವಾ ಜೆಪೆಗ್ ರೂಪದಲ್ಲಿ 150 ಕಿಲೋಬೈಟ್‌ನೊಳಗೆ ಉಳಿಸಿ. ಬ್ರೌಸರ್‌ನಲ್ಲೇ ನಡೆಯುವ ಸ್ಕ್ವೂಶ್ ಎಂಬ ಉಚಿತ ಸಾಧನ ಇದಕ್ಕೆ ಸಾಕು. ಮನೆಯಲ್ಲಿ ತೆಗೆದ ಫೋಟೊಗಳ ಒಳಗೆ ಸ್ಥಳದ ಮಾಹಿತಿ ಅಡಗಿರಬಹುದಾದ್ದರಿಂದ ಅದನ್ನೂ ತೆಗೆದುಹಾಕಿ. ಪ್ರತಿ ಚಿತ್ರಕ್ಕೂ ‘ಗಾಣಕ್ಕೆ ಕೊಬ್ಬರಿ ಹಾಕುತ್ತಿರುವುದು’ ಎಂಬಂಥ ಒಂದು ಸಾಲಿನ ವಿವರಣೆಯನ್ನು ಆಲ್ಟ್ ಎಂಬ ಜಾಗದಲ್ಲಿ ಬರೆಯಿರಿ. ಅಂತರ್ಜಾಲದಲ್ಲಿ ಸಿಕ್ಕ ತೆಂಗಿನಕಾಯಿಯ ಹೊಳೆಯುವ ಚಿತ್ರಕ್ಕಿಂತ ನಿಮ್ಮ ಗಾಣದ ಎಣ್ಣೆ ಜಿಡ್ಡಿನ ಚಿತ್ರವನ್ನೇ ಜನ ನಂಬುತ್ತಾರೆ.

ಕಂಪ್ಯೂಟರ್‌ನಲ್ಲಿ ಸರಿಯಿದೆ, ಮೊಬೈಲ್‌ನಲ್ಲಿ ಎಲ್ಲವೂ ಚಿಕ್ಕದಾಗಿ ಕಾಣುತ್ತದೆ. ಏಕೆ?

ಪುಟದ ಅಗಲವನ್ನು ಫೋನಿನ ಪರದೆಗೆ ಹೊಂದಿಸಲು ಹೇಳುವ ವ್ಯೂಪೋರ್ಟ್ ಎಂಬ ಮೆಟಾ ಟ್ಯಾಗ್ ಪುಟದ ತಲೆಭಾಗದಲ್ಲಿ ಇಲ್ಲ. ಆ ಒಂದು ಸಾಲು ಸೇರಿಸಿದರೆ ಸರಿಯಾಗುತ್ತದೆ.

ಎಚ್‌ಟಿಟಿಪಿಎಸ್‌ಗೆ, ಎಂದರೆ ಸುರಕ್ಷಿತ ಸಂಪರ್ಕಕ್ಕೆ ಹಣ ಕೊಡಬೇಕೇ?

ಬೇಡ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ 2015ರಿಂದ ಈ ಸಂಪರ್ಕಕ್ಕೆ ಬೇಕಾದ ಪ್ರಮಾಣಪತ್ರಗಳನ್ನು ಉಚಿತವಾಗಿ ಕೊಡುತ್ತಿದೆ. ಮೇಲೆ ಹೇಳಿದ ಹೋಸ್ಟಿಂಗ್ ಸೇವೆಗಳೆಲ್ಲ ಉಚಿತ ಪ್ರಮಾಣಪತ್ರವನ್ನು ತಾವೇ ಜೋಡಿಸಿ, ಅವಧಿ ಮುಗಿಯುವ ಮುನ್ನ ತಾವೇ ಬದಲಿಸುತ್ತವೆ.

ಸೈಟ್ ಮೂಲಕವೇ ಮಾರಾಟ ಮಾಡಿ ಹಣ ಪಡೆಯಬಹುದೇ?

ದಿನಕ್ಕೆ ಹತ್ತಿಪ್ಪತ್ತು ಆರ್ಡರ್‌ಗಳವರೆಗೆ ಆನ್‌ಲೈನ್ ಬುಟ್ಟಿ, ಸೈಟ್‌ನಲ್ಲೇ ಹಣ ಪಡೆಯುವ ಪೇಮೆಂಟ್ ಗೇಟ್‌ವೇ ಯಾವುದೂ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಬೆಲೆಯ ಕೋಷ್ಟಕದ ಕೆಳಗೆ ವಾಟ್ಸ್‌ಆ್ಯಪ್‌ನ ನೇರ ಕೊಂಡಿಯನ್ನು ಕೊಡಿ. ಅದರಲ್ಲಿ ನಿಮ್ಮ ಸಂಖ್ಯೆಗೆ ಮುಂಚೆ 91 ಇರಬೇಕು, ಕೂಡಿಸುವ ಚಿಹ್ನೆ ಇರಬಾರದು. ಗಿರಾಕಿ ಅದನ್ನು ಮುಟ್ಟಿದೊಡನೆ ಮಾತುಕತೆ ತೆರೆದುಕೊಳ್ಳುತ್ತದೆ, ಎಷ್ಟು ಲೀಟರ್, ಯಾವ ಊರು ಎಂದು ಖಚಿತವಾದ ಬಳಿಕ ಯುಪಿಐ ಮೂಲಕ ಹಣ ಪಡೆಯಬಹುದು. ಫೋನ್ ಸಂಖ್ಯೆಯನ್ನೂ ಮುಟ್ಟಿದರೆ ಕರೆ ಹೋಗುವ ಕೊಂಡಿಯಾಗಿ ಮಾಡಿ; ವಯಸ್ಸಾದ ಗಿರಾಕಿಗಳು ಬಳಸುವುದು ಅದನ್ನೇ.

ಆಹಾರ ಪದಾರ್ಥ ಮಾರುವವರು ಎಫ್‌ಎಸ್‌ಎಸ್‌ಎಐ, ಎಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ, ನೋಂದಣಿಯ 14 ಅಂಕಿಗಳ ಸಂಖ್ಯೆಯನ್ನು ಪುಟದಲ್ಲಿ ಕಾಣುವಂತೆ ಹಾಕಬೇಕು. ಗಿರಾಕಿಗಳ ಹೆಸರು, ವಿಳಾಸ ತುಂಬಿಸಿಕೊಳ್ಳುವ ಫಾರಂ ಇಡುವುದನ್ನು ಆರಂಭದಲ್ಲಿ ತಪ್ಪಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಂಥ ಮಾಹಿತಿ ಸಂಗ್ರಹಿಸುವವರ ಮೇಲೆ ಹೊಣೆ ಹೊರಿಸಿದೆ. ಸಂಗ್ರಹಿಸದಿದ್ದರೆ ಕಾಪಾಡುವ ಚಿಂತೆಯೂ ಇಲ್ಲ.

ಗೂಗಲ್‌ನಲ್ಲಿ ಹುಡುಕಿದರೆ ನನ್ನ ಸೈಟ್ ಬರುತ್ತಿಲ್ಲ. ಏನು ಮಾಡಲಿ?

ಹೊಸ ಸೈಟ್ ಕಾಣಿಸಿಕೊಳ್ಳಲು ಕೆಲವು ದಿನಗಳಿಂದ ಕೆಲವು ವಾರಗಳು ಹಿಡಿಯುತ್ತವೆ. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆಯಲ್ಲಿ ಸೈಟನ್ನು ನೋಂದಾಯಿಸಿ, ಪುಟವನ್ನು ಪರಿಶೀಲನೆಗೆ ಸಲ್ಲಿಸಬಹುದು. ಪುಟದ ಶೀರ್ಷಿಕೆಯ ಟ್ಯಾಗ್‌ನಲ್ಲಿ ‘ಸ್ವಾಗತ’ ಎಂದು ಬರೆಯುವ ಬದಲು ‘ಮರದ ಗಾಣದ ಕೊಬ್ಬರಿ ಎಣ್ಣೆ’ ಎಂಬುದರ ಜೊತೆಗೆ ಊರಿನ ಹೆಸರನ್ನು ಬರೆಯಿರಿ. ಜನ ಹುಡುಕುವುದು ಪದಾರ್ಥವನ್ನು ಮತ್ತು ಊರನ್ನು. ‘ಗಾಣದೆಣ್ಣೆ’, ‘ಗಾಣದ ಎಣ್ಣೆ’ ಎಂಬ ಎರಡೂ ರೂಪಗಳು ಬರಹದಲ್ಲಿ ಸಹಜವಾಗಿ ಬರುವಂತೆ ನೋಡಿಕೊಳ್ಳಿ. ‘ಒಂದು ತಿಂಗಳಲ್ಲಿ ಗೂಗಲ್‌ನ ಮೊದಲ ಸ್ಥಾನಕ್ಕೆ ತರುತ್ತೇವೆ’ ಎಂದು ಕರೆ ಮಾಡುವವರಿಗೆ ಹಣ ಕೊಡಬೇಡಿ. ಆ ಭರವಸೆ ಕೊಡುವ ಅಧಿಕಾರ ಯಾರಿಗೂ ಇಲ್ಲ.

ಸಮಯವಿಲ್ಲ, ಬೇರೆಯವರಿಂದಲೇ ಮಾಡಿಸುತ್ತೇನೆ. ಏನೇನು ಕೇಳಿ ಪಡೆಯಬೇಕು?

ಡೊಮೇನ್ ನಿಮ್ಮ ಖಾತೆಯಲ್ಲಿರಬೇಕು ಎಂಬುದು ಮೊದಲ ಷರತ್ತು. ಹೋಸ್ಟಿಂಗ್ ಖಾತೆಯೂ ನಿಮ್ಮ ಇಮೇಲ್‌ನಲ್ಲೇ ಇರಲಿ. ಕೆಲಸ ಮುಗಿದ ದಿನ ಸೈಟಿನ ಎಲ್ಲ ಕಡತಗಳಿರುವ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಪಡೆದುಕೊಳ್ಳಿ. ಪ್ರತಿ ವರ್ಷ ಕೇಳುವ ‘ನಿರ್ವಹಣಾ ವೆಚ್ಚ’ ಯಾವ ಕೆಲಸಕ್ಕೆ ಎಂಬುದನ್ನು ಬರೆದು ಕೊಡಲು ಹೇಳಿ. ಉಳಿದ ಹಣ ಕೊಡುವ ಮುನ್ನ, ಬೆಲೆಪಟ್ಟಿಯ ಒಂದು ಅಂಕಿಯನ್ನು ಅವರ ಎದುರಲ್ಲೇ ನೀವೇ ಬದಲಿಸಿ ನೋಡಿ. ಅದು ನಿಮ್ಮಿಂದ ಆಗದಿದ್ದರೆ, ಎಣ್ಣೆಯ ಬೆಲೆ ಏರಿಳಿದಾಗಲೆಲ್ಲ ನೀವು ಅವರ ಬಾಗಿಲಿಗೆ ಹೋಗಬೇಕಾಗುತ್ತದೆ.

ಸೈಟ್ ಸಿದ್ಧವಾದ ಮೇಲೆ ಏನು ನೋಡಿಕೊಳ್ಳಬೇಕು?

ಡೊಮೇನ್ ನವೀಕರಣವೇ ದೊಡ್ಡ ಕೆಲಸ. ಒಮ್ಮೆಗೆ 10 ವರ್ಷಗಳವರೆಗೂ ಹಣ ಕಟ್ಟಬಹುದು. ಕೈಯಲ್ಲಿದ್ದರೆ ಎರಡು ಮೂರು ವರ್ಷಕ್ಕೆ ಕಟ್ಟಿ, ಮುಗಿಯುವ ದಿನಾಂಕವನ್ನು ಅಂಗಡಿಯ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಡಾಟ್ ಕಾಮ್‌ನಂಥ ಹೆಸರು ಅಳಿಸಿಹೋದ ಮೇಲೂ 30 ದಿನ ಮರಳಿ ಪಡೆಯುವ ಅವಕಾಶವಿದೆ, ಆದರೆ ಅದಕ್ಕೆ ನವೀಕರಣ ಶುಲ್ಕಕ್ಕಿಂತ ಹಲವು ಪಟ್ಟು ದಂಡ ತೆರಬೇಕಾಗುತ್ತದೆ. ‘ನಿಮ್ಮ ಡೊಮೇನ್ ಇಂದೇ ರದ್ದಾಗಲಿದೆ, ಈ ಕೊಂಡಿಯಲ್ಲಿ ಹಣ ಕಟ್ಟಿ’ ಎಂಬ ಇಮೇಲ್‌ಗಳು ಬರತೊಡಗುತ್ತವೆ. ಅವುಗಳಲ್ಲಿರುವ ಕೊಂಡಿಯನ್ನು ಒತ್ತದೆ, ರಿಜಿಸ್ಟ್ರಾರ್‌ನ ಸೈಟನ್ನು ನೀವೇ ತೆರೆದು ದಿನಾಂಕ ಪರಿಶೀಲಿಸಿ.

ಫೋಲ್ಡರಿನ ಒಂದು ಪ್ರತಿ ಕಂಪ್ಯೂಟರಿನಲ್ಲೂ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲೂ ಇರಲಿ. ಬೆಲೆ ಬದಲಾದ ದಿನವೇ ಪುಟದಲ್ಲೂ ಬದಲಿಸಿ, ಕೋಷ್ಟಕದ ಕೆಳಗೆ ಆ ದಿನಾಂಕವನ್ನು ಹಾಕಿ. ಹಳೆಯ ಬೆಲೆ ನೋಡಿ ಮೈಸೂರಿನಿಂದ ಬಸ್ಸು ಹತ್ತಿ ಬಂದವರಿಗೆ ಅಂಗಡಿಯಲ್ಲಿ ನಿಂತು ವಿವರಣೆ ಕೊಡುವುದು ಇಬ್ಬರಿಗೂ ಕಷ್ಟ.